ಡಿಫೆಂಡರ್‌ನ ಮೊದಲ ಸೀಸನ್: ಹುಡುಗನನ್ನು ಅಳೆಯೋದು ಹೇಗೆ?

ಫುಟ್‌ಬಾಲ್‌ನಲ್ಲಿ ಗೋಲ್ ಹೊಡೆಯುವ ಸ್ಟ್ರೈಕರ್‌ನ ಮೊದಲ ಸೀಸನ್ ಅಳೆಯೋದು ಅಷ್ಟೇನೂ ಕಷ್ಟವಲ್ಲ. ಎಷ್ಟು ಗೋಲ್ ಹೊಡೆದ ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಗೋಲ್ ತಡೆಯುವ ಡಿಫೆಂಡರ್ ವಿಷಯದಲ್ಲಿ ಆ ಅನುಕೂಲ ಇಲ್ಲ. ಅವನು ತುಂಬಾ ಚೆನ್ನಾಗಿ ಆಡಿದ ದಿನ ಅವನ ಕಡೆ ಏನೂ ನಡೆದೇ ಇರುವುದಿಲ್ಲ. ಹೈಲೈಟ್ಸ್‌ನಲ್ಲಿ ಮುಖ ಕಾಣುವುದಿಲ್ಲ, ಮರುದಿನ ಯಾರೂ ಹೆಸರು ಎತ್ತುವುದಿಲ್ಲ. ಒಂದು ಸಲ ಕಾಲು ಜಾರಿದರೆ ಮಾತ್ರ ಊರಿಗೆಲ್ಲ ಸುದ್ದಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಚಹಾ ಕುಡಿಯುತ್ತ ಮೊಬೈಲ್‌ನಲ್ಲಿ ಮ್ಯಾಚ್ ನೋಡುವ ಗುಂಪಿನ ಪಕ್ಕ ಸುಮ್ನೆ ನಿಂತು ಕೇಳಿ. “ಅಂವನಿಂದೇ ಗೋಲ್ ಆಯ್ತ್ ನೋಡ್ರಿ” ಅಂತ ಒಬ್ಬರು ಅಂದರೆ ಮುಗಿಯಿತು, ಹತ್ತೊಂಬತ್ತರ ಹುಡುಗನ ಇಡೀ ಸೀಸನ್‌ಗೆ ಅದೇ ತೀರ್ಪು. ಇನ್ನೊಬ್ಬರು “ಏ ಇಲ್ರೀ, ಭಾಳ ಟ್ಯಾಕಲ್ ಮಾಡ್ತಾನ” ಅಂತ ವಾದಿಸುತ್ತಾರೆ. ಇಬ್ಬರೂ ನೋಡಿದ್ದು ಚೆಂಡನ್ನು, ಹುಡುಗನನ್ನಲ್ಲ.

ಈ ಬರಹ ಎರಡು ಬಗೆಯ ಓದುಗರಿಗೆ. ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್), ಪ್ರೀಮಿಯರ್ ಲೀಗ್ ನೋಡುತ್ತ ಹೊಸ ಹುಡುಗನೊಬ್ಬನ ಮೇಲೆ ಕಣ್ಣಿಟ್ಟವರು ಒಂದು ಕಡೆ. ತಮ್ಮ ಕೈಯಲ್ಲಿ ಕಲಿತ ಹುಡುಗ ಬೆಂಗಳೂರಿನ ಕ್ಲಬ್‌ಗೆ ಸೇರಿದ್ದಾನೆ, ಅವನು ಹೇಗೆ ಆಡುತ್ತಿದ್ದಾನೆ ಅಂತ ತಿಳಿಯಬೇಕಾದ ನಮ್ಮ ಕಡೆಯ ಕೋಚ್‌ಗಳು, ಪಿ.ಇ. ಮೇಷ್ಟ್ರುಗಳು, ಅಪ್ಪಂದಿರು ಇನ್ನೊಂದು ಕಡೆ. ದಾರಿ ಇಬ್ಬರಿಗೂ ಒಂದೇ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಡಿಫೆಂಡರ್ ಏನು ಮಾಡಿದ ಅನ್ನುವುದಕ್ಕಿಂತ ಮೊದಲು ಎಲ್ಲಿ ನಿಂತಿದ್ದ ಅಂತ ನೋಡಬೇಕು. ಕಬಡ್ಡಿ ನೋಡುವವರಿಗೆ ಇದು ಬೇಗ ಹಿಡಿಸುತ್ತದೆ. ಒಳ್ಳೆ ಕಾರ್ನರ್ ಆಟಗಾರ ಕಾಲಿಗೆ ಕೈ ಹಾಕದೆಯೇ, ಬರೀ ನಿಂತ ಜಾಗದಿಂದಲೇ ರೇಡರ್‌ನನ್ನು ಬರಿಗೈಯಲ್ಲಿ ವಾಪಸ್ ಕಳಿಸುತ್ತಾನೆ. ಅದಕ್ಕೆ ಪಾಯಿಂಟ್ ಇಲ್ಲ. ಕೋಚ್‌ಗೆ ಮಾತ್ರ ಅದರ ಬೆಲೆ ಗೊತ್ತು.

ಹಂತ 1: ಪಂದ್ಯ ಎಣಿಸಬೇಡಿ, ನಿಮಿಷ ಎಣಿಸಿ

“18 ಪಂದ್ಯ ಆಡಿದ್ದಾನೆ” ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಹತ್ತು ಸಲ 85ನೇ ನಿಮಿಷಕ್ಕೆ ಇಳಿದಿದ್ದರೆ? 2024-25ರ ಐಎಸ್ಎಲ್‌ನಲ್ಲಿ 13 ತಂಡ ಇದ್ದವು, ಪ್ರತಿ ತಂಡಕ್ಕೆ 24 ಲೀಗ್ ಪಂದ್ಯ. ಎಲ್ಲವನ್ನೂ ಪೂರ್ತಿ ಆಡಿದವನ ಲೆಕ್ಕ 2160 ನಿಮಿಷ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 38 ಪಂದ್ಯ, ಅಂದರೆ 3420 ನಿಮಿಷ. ನಿಮ್ಮ ಹುಡುಗ ಇದರಲ್ಲಿ ಎಷ್ಟು ಪಾಲು ಆಡಿದ ಅಂತ ಮೊದಲು ಬರೆದುಕೊಳ್ಳಿ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. 450 ನಿಮಿಷಕ್ಕಿಂತ ಕಡಿಮೆ ಇದ್ದರೆ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. 900 ದಾಟಿದರೆ ಎಚ್ಚರದಿಂದ ಮಾತಾಡಬಹುದು. ಸೀಸನ್ನಿನ ಅರ್ಧಕ್ಕಿಂತ ಜಾಸ್ತಿ ಆಡಿದ್ದರೆ ಧೈರ್ಯವಾಗಿ ಮಾತಾಡಿ. ಇದು ಯಾವ ನಿಯಮ ಪುಸ್ತಕದಲ್ಲೂ ಇಲ್ಲ, ನಿಮಗೆ ಬೇರೆ ಗೆರೆ ಬೇಕಿದ್ದರೆ ಹಾಕಿಕೊಳ್ಳಿ. ಆದರೆ ಸೀಸನ್ ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ. ಆಮೇಲೆ ಹಾಕಿದರೆ ಮನಸ್ಸಿಗೆ ಬೇಕಾದ ಕಡೆ ಗೆರೆ ಜರುಗುತ್ತದೆ.

ನಿಮಿಷದ ಜೊತೆ ಅದು ಎಂಥ ನಿಮಿಷ ಅಂತಲೂ ನೋಡಿ. ತಂಡ 1-0 ಮುಂದಿದೆ, ಹತ್ತು ನಿಮಿಷ ಬಾಕಿ ಇದೆ. ಆಗ ಕೋಚ್ ಅವನನ್ನು ಉಳಿಸಿಕೊಳ್ಳುತ್ತಾರಾ, ಇಲ್ಲ ತೆಗೆದು ಹಳೆಯ ಆಟಗಾರನನ್ನು ಇಳಿಸುತ್ತಾರಾ? ಕೆಟ್ಟ ಪಂದ್ಯದ ನಂತರ ಮುಂದಿನ ವಾರ ಮತ್ತೆ ಆಡಿಸಿದರಾ? ಪತ್ರಿಕಾಗೋಷ್ಠಿಯಲ್ಲಿ ಕೋಚ್ ಎಲ್ಲರನ್ನೂ ಹೊಗಳುತ್ತಾರೆ. ಅವರ ನಿಜವಾದ ಅಭಿಪ್ರಾಯ ಈ ಬದಲಾವಣೆಗಳಲ್ಲಿ ಕಾಣುತ್ತದೆ.

ನಿಮಿಷ ಕಡಿಮೆ ಅಂದ ಮಾತ್ರಕ್ಕೆ ಹುಡುಗ ಸೋತ ಅಂತಲ್ಲ. ಇಟಲಿಯ ಡಿಫೆಂಡರ್ ಪಾವೊಲೊ ಮಾಲ್ದಿನಿ 1985ರ ಜನವರಿ 20ರಂದು ಊದಿನೇಸೆ ವಿರುದ್ಧ ಎಸಿ ಮಿಲಾನ್ ಪರ ಮೊದಲ ಸಲ ಇಳಿದಾಗ ವಯಸ್ಸು 16. ಆ ಸೀಸನ್‌ನಲ್ಲಿ ಅವರು ಆಡಿದ ಲೀಗ್ ಪಂದ್ಯ ಅದೊಂದೇ. ಮುಂದಿನ ಸೀಸನ್‌ನಿಂದ ಖಾಯಂ ಆದರು, 2009ರವರೆಗೆ ಅದೇ ಕ್ಲಬ್‌ನಲ್ಲಿ ಆಡಿದರು. 1985ರ ಬೇಸಿಗೆಯಲ್ಲಿ ಯಾರಾದರೂ ಅವರ ಮೇಲೆ ತೀರ್ಪು ಬರೆದಿದ್ದರೆ ಏನಂತ ಬರೆಯುತ್ತಿದ್ದರು?

ನಮ್ಮ ದೇಶದ್ದೇ ಒಂದು ಮಾತು ಇಲ್ಲಿ ಸೇರಿಸಬೇಕು. 2021-22ರಿಂದ ಐಎಸ್ಎಲ್‌ನಲ್ಲಿ ಒಂದು ತಂಡ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರನ್ನಷ್ಟೇ ಆಡಿಸಬಹುದು. ಎಷ್ಟೋ ಕ್ಲಬ್‌ಗಳು ಅದರಲ್ಲಿ ಒಬ್ಬರನ್ನು ಸ್ಟಾಪರ್ (ನಡುವಿನ ಡಿಫೆಂಡರ್) ಜಾಗಕ್ಕೆ ಇಟ್ಟುಕೊಳ್ಳುತ್ತವೆ. ಆಗ ನಡುವಿನ ಎರಡು ಜಾಗದಲ್ಲಿ ಭಾರತೀಯನಿಗೆ ಉಳಿಯುವುದು ಒಂದೇ. ಫುಲ್ ಬ್ಯಾಕ್ (ಎಡ, ಬಲ ಬದಿಯ ಡಿಫೆಂಡರ್) ಜಾಗಗಳಲ್ಲಿ ಬಹುಪಾಲು ನಮ್ಮ ಹುಡುಗರೇ ಆಡುತ್ತಾರೆ. ಹಾಗಾಗಿ 20 ವರ್ಷದ ಭಾರತೀಯ ಸ್ಟಾಪರ್ 1000 ನಿಮಿಷ ಆಡಿದ್ದಕ್ಕೂ ಅದೇ ವಯಸ್ಸಿನ ಫುಲ್ ಬ್ಯಾಕ್ 1000 ನಿಮಿಷ ಆಡಿದ್ದಕ್ಕೂ ಒಂದೇ ತೂಕ ಹಾಕಬೇಡಿ. ಸ್ಟಾಪರ್‌ನದು ಜಾಸ್ತಿ.

ಹಂತ 2: ಅವನಿಗೆ ಕೊಟ್ಟ ಕೆಲಸ ಏನು?

ಕೆಲಸ ಗೊತ್ತಿಲ್ಲದೆ ಕೆಲಸಗಾರನನ್ನು ಅಳೆಯೋದಕ್ಕೆ ಆಗಲ್ಲ. ತಂಡ ಹಿಂದೆ ಕೂತು ಆಡುತ್ತದೆಯಾ, ಮುಂದೆ ಬಂದು ಲೈನ್ (ಡಿಫೆಂಡರ್‌ಗಳ ಸಾಲು) ಹಿಡಿಯುತ್ತದೆಯಾ? ಹಿಂದೆ ಕೂತು ಆಡುವ ತಂಡದ ಸ್ಟಾಪರ್‌ಗೆ ಬೆನ್ನ ಹಿಂದೆ ಓಡುವ ಭಯ ಕಡಿಮೆ. ಆದರೆ ಗೋಲ್ ಮುಂದಿನ ಬಾಕ್ಸ್ ಒಳಗೆ ಬದಿಯಿಂದ ಕ್ರಾಸ್ ಮೇಲೆ ಕ್ರಾಸ್ ಬೀಳುತ್ತವೆ, ತಲೆ ಕೊಡುತ್ತಲೇ ಇರಬೇಕು. ಮುಂದೆ ಬಂದು ಆಡುವ ತಂಡದವನಿಗೆ ಹೆಡರ್ ಕಡಿಮೆ. ಆದರೆ ಬೆನ್ನ ಹಿಂದೆ 40 ಮೀಟರ್ ಖಾಲಿ ಮೈದಾನ. ಒಂದು ಸಲ ಮೋಸ ಹೋದರೆ ಸ್ಟ್ರೈಕರ್ ನೇರ ಗೋಲ್‌ಕೀಪರ್ ಮುಂದೆ. ಈ ಇಬ್ಬರನ್ನು ಒಂದೇ ಪಟ್ಟಿಯಲ್ಲಿ ಇಟ್ಟು ಯಾರು ಮೇಲು ಅಂತ ಕೇಳುವುದರಲ್ಲಿ ಅರ್ಥ ಇಲ್ಲ.

ಜಾಗ ಬದಲಾದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಣಿಪುರದ ನಾವೊರೆಮ್ ರೋಷನ್ ಸಿಂಗ್ ಮೊದಲು ವಿಂಗರ್. ಬೆಂಗಳೂರು ಎಫ್‌ಸಿ ಅವರನ್ನು ಫುಲ್ ಬ್ಯಾಕ್ ಮಾಡಿತು. 2021-22ರ ಐಎಸ್ಎಲ್‌ನ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಅವರಿಗೇ ಬಂತು. ಆ ಸೀಸನ್‌ನಲ್ಲಿ ಜನರ ಕಣ್ಣಿಗೆ ಬಿದ್ದದ್ದು ಅವರ ಕಾರ್ನರ್, ಫ್ರೀ ಕಿಕ್, ಅಸಿಸ್ಟ್‌ಗಳು. ಪ್ರಶಸ್ತಿಗೆ ತಕರಾರಿಲ್ಲ. ಆದರೆ ಅವರನ್ನು ಡಿಫೆಂಡರ್ ಅಂತ ಅಳೆಯಲು ಹೊರಟವರು ಚೆಂಡು ಎದುರಾಳಿ ಕಾಲಲ್ಲಿ ಇದ್ದಾಗಿನ ಆಟವನ್ನು ಬೇರೆಯಾಗಿಯೇ ನೋಡಬೇಕಿತ್ತು. ಅದಕ್ಕೂ ಎಂಟು ವರ್ಷ ಹಿಂದೆ, 2014ರ ಮೊದಲ ಐಎಸ್ಎಲ್‌ನಲ್ಲಿ ಇದೇ ಪ್ರಶಸ್ತಿ ಪಡೆದವರು ಕೇರಳ ಬ್ಲಾಸ್ಟರ್ಸ್‌ನ ಸಂದೇಶ್ ಜಿಂಗನ್. ಅವರದ್ದು ಎದೆ ಕೊಟ್ಟು ತಡೆಯುವ ಆಟ. ಪ್ರಶಸ್ತಿಯ ಹೆಸರು ಒಂದೇ ಇದ್ದರೂ ಇಬ್ಬರು ಮಾಡಿದ ಕೆಲಸ ಪೂರ್ತಿ ಬೇರೆ.

ಹಂತ 3: ನಾಲ್ಕು ಪಂದ್ಯ ಆರಿಸಿ, ಎರಡೆರಡು ಸಲ ನೋಡಿ

ಎಲ್ಲ ಪಂದ್ಯವನ್ನೂ ಕೂತು ನೋಡುವಷ್ಟು ಹೊತ್ತು ಯಾರಿಗಿದೆ? ನಾಲ್ಕು ಸಾಕು. ಸೀಸನ್ ಶುರುವಿನದ್ದು ಒಂದು, ಕೊನೆಯದ್ದು ಒಂದು. ಲೀಗ್‌ನ ಅತಿ ಒಳ್ಳೆಯ ಸ್ಟ್ರೈಕರ್ ಎದುರು ಆಡಿದ್ದು ಒಂದು. ಬೇರೆ ಊರಿನಲ್ಲಿ, ತಂಡ ಸೋತದ್ದು ಒಂದು. ಗೆದ್ದ ಪಂದ್ಯಗಳನ್ನೇ ಆರಿಸಿಕೊಂಡರೆ ಎಲ್ಲ ಡಿಫೆಂಡರ್‌ಗಳೂ ಒಳ್ಳೆಯವರೇ.

ಮೊದಲ ಸಲ ಎಲ್ಲರ ಹಾಗೆ ನೋಡಿ, ಏನೂ ಬರೆಯಬೇಡಿ. ಎರಡನೇ ಸಲ ಚೆಂಡಿನಿಂದ ಕಣ್ಣು ಕಿತ್ತು ಅವನೊಬ್ಬನ ಮೇಲೆ ಇಡಿ. ಇದು ಕೇಳಿದಷ್ಟು ಸುಲಭ ಅಲ್ಲ. ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. 15 ನಿಮಿಷದ ತುಂಡು ಮಾಡಿಕೊಂಡು ನೋಡಿದರೆ ಸಾಧ್ಯ.

ಟಿವಿಯ ತೊಂದರೆ ಏನೆಂದರೆ ಕ್ಯಾಮೆರಾ ಕೂಡ ಚೆಂಡಿನ ಹಿಂದೆಯೇ ಹೋಗುತ್ತದೆ. ತಂಡ ದಾಳಿಗೆ ಹೋದಾಗ ಸ್ಟಾಪರ್ ಫ್ರೇಮ್‌ನಿಂದ ಹೊರಗೆ. ಆಗ ಅವನು ಎಲ್ಲಿ ನಿಂತಿದ್ದ ಅನ್ನುವುದೇ ಮುಖ್ಯ, ಅದೇ ಕಾಣಲ್ಲ. ಅನುಕೂಲ ಇದ್ದರೆ ಸೀಸನ್‌ಗೆ ಒಂದು ಸಲವಾದರೂ ಮೈದಾನಕ್ಕೆ ಹೋಗಿ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಕಂಠೀರವ ಕ್ರೀಡಾಂಗಣದಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಆಟ ಸ್ವಲ್ಪ ದೂರ ಆಗುತ್ತದೆ. ಹಾಗಾಗಿ ಆದಷ್ಟು ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ. ಹಿಂದಿನ ನಾಲ್ವರ ಗೆರೆ ಹೇಗೆ ಮುಂದೆ ಹಿಂದೆ ಆಗುತ್ತದೆ ಅಂತ ಅಲ್ಲಿಂದ ಒಂದು ಅರ್ಧದಲ್ಲೇ ತಿಳಿಯುತ್ತದೆ.

ಏನು ನೋಡಬೇಕು?

ಮೊದಲನೆಯದು ಕತ್ತು. ಚೆಂಡು ಆ ಕಡೆ ವಿಂಗ್‌ನಲ್ಲಿ ಇದೆ, ಕ್ರಾಸ್ ಬರುವ ಹೊತ್ತು. ಒಳ್ಳೆಯ ಡಿಫೆಂಡರ್ ಆ ಎರಡು ಮೂರು ಸೆಕೆಂಡ್‌ನಲ್ಲಿ ಒಂದೆರಡು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ತನ್ನ ಹಿಂದೆ ಯಾರು ಬಂದರು ಅಂತ. ಹೊಸ ಹುಡುಗ ಚೆಂಡನ್ನೇ ದಿಟ್ಟಿಸುತ್ತ ನಿಂತುಬಿಡುತ್ತಾನೆ. ಫಾರ್ ಪೋಸ್ಟ್‌ನಲ್ಲಿ (ಚೆಂಡಿನಿಂದ ದೂರದ ಗೋಲ್ ಕಂಬದ ಹತ್ತಿರ) ಆಗುವ ಗೋಲ್‌ಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಯೇ.

ಎರಡನೆಯದು ಮೈ ತಿರುವಿದ ರೀತಿ. ವಿಂಗರ್ ಎದುರು ಎದೆ ನೇರವಾಗಿ ಕೊಟ್ಟು, ಎರಡೂ ಪಾದ ಒಂದೇ ಸಾಲಿನಲ್ಲಿ ಇಟ್ಟು ನಿಂತವನು ಎರಡೂ ಕಡೆಗೆ ತಡವಾಗಿಯೇ ತಿರುಗುತ್ತಾನೆ. ಒಂದು ಕಾಲು ಮುಂದೆ, ಮೈ ಓರೆಯಾಗಿ, ಮಂಡಿ ಸ್ವಲ್ಪ ಬಾಗಿ ಇದ್ದರೆ ವಿಂಗರ್‌ಗೆ ಒಂದೇ ದಾರಿ ತೋರಿಸಿದ ಹಾಗೆ. ಯಾವ ದಾರಿ ತೋರಿಸಿದ ಅಂತ ನೋಡಿ. ಗೆರೆಯ ಕಡೆಗೆ ತಳ್ಳಿದನಾ, ಇಲ್ಲ ಒಳಕ್ಕೆ ಬಿಟ್ಟನಾ? ಒಳಕ್ಕೆ ಬಿಟ್ಟಿದ್ದು ತಪ್ಪೇ ಅಂತ ಹೇಳಲಾಗದು. ಒಳಗೆ ಮಿಡ್‌ಫೀಲ್ಡರ್ ಕಾದಿದ್ದರೆ ಅದೇ ಸರಿ. ಪದೇ ಪದೇ ಅದೇ ದಾರಿ ಕೊಟ್ಟು, ಅಲ್ಲಿ ಯಾರೂ ಇಲ್ಲದಿದ್ದರೆ ಅದು ತಪ್ಪು.

ಮೂರನೆಯದು ಪಕ್ಕದವನಿಂದ ದೂರ. ಇಬ್ಬರು ಸ್ಟಾಪರ್‌ಗಳ ನಡುವೆ ಸ್ಟ್ರೈಕರ್ ಓಡಿಹೋಗುವಷ್ಟು ಸಂದು ಎಷ್ಟು ಸಲ ಬಿತ್ತು? ಒಬ್ಬ ಚೆಂಡಿಗೆ ಮುಂದೆ ನುಗ್ಗಿದಾಗ ಇನ್ನೊಬ್ಬ ಹಿಂದೆ ಸರಿದು ಕಾವಲಿಗೆ ನಿಂತನಾ? ನಿಮ್ಮ ಹುಡುಗ ಬಾಯಿ ಬಿಡುತ್ತಾನಾ, ಕೈ ತೋರಿಸಿ ಪಕ್ಕದವನನ್ನು ಸರಿಸುತ್ತಾನಾ? ಹದಿಹರೆಯದವನು 32 ವರ್ಷದ ವಿದೇಶಿ ಸ್ಟಾಪರ್‌ಗೆ “ಎಡಕ್ಕೆ ಬಾ” ಅಂತ ಕೂಗಿದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮೊದಲ ಸೀಸನ್‌ನಲ್ಲಿ ಅದು ಅಪರೂಪ.

ನಾಲ್ಕನೆಯದು ಪುಟಿಯುವ ಚೆಂಡು. ಇದು ನಮ್ಮ ಕಡೆಯ ಹುಡುಗರಲ್ಲಿ ಬೇಗ ಕಾಣುತ್ತದೆ. ಕಲಬುರಗಿಯ ಎನ್.ವಿ. ಮೈದಾನದಂಥ ಗಟ್ಟಿ ನೆಲದಲ್ಲಿ, ಬೇಸಿಗೆಯಲ್ಲಂತೂ, ಉದ್ದ ಚೆಂಡು ಬಿದ್ದರೆ ತಲೆ ಮೇಲೆ ಹಾರುತ್ತದೆ. ಅದಕ್ಕೇ ಹುಡುಗರು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಪುಟಿತ ಬಿಟ್ಟು, ಇಳಿಯುವಾಗ ಹಿಡಿಯುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ಇಲ್ಲಿ ಅದು ಜಾಣತನ. ನೀರು ಹಾಯಿಸಿದ ಹುಲ್ಲಿನ ಮೇಲೆ ಚೆಂಡು ಪುಟಿಯುವ ಬದಲು ಜಾರಿಕೊಂಡು ವೇಗವಾಗಿ ಬರುತ್ತದೆ. ಪುಟಿತ ಕಾಯುತ್ತ ನಿಂತವನ ಮುಂದಿನಿಂದ ಸ್ಟ್ರೈಕರ್ ಚೆಂಡು ಕದ್ದು ಹೋಗುತ್ತಾನೆ. ಸೀಸನ್ ಶುರುವಿನಲ್ಲಿ ಈ ತಪ್ಪು ಇದ್ದು ಕೊನೆಗೆ ಹೋಗಿದ್ದರೆ ಹುಡುಗ ಕಲಿಯುತ್ತಾನೆ ಅಂತ ಅರ್ಥ. ನನ್ನ ಮಟ್ಟಿಗೆ ಹತ್ತು ಟ್ಯಾಕಲ್‌ಗಿಂತ ಈ ಒಂದು ಬದಲಾವಣೆ ದೊಡ್ಡದು.

ಐದನೆಯದು ಚೆಂಡು ಸಿಕ್ಕ ಮೇಲೆ ಏನು ಮಾಡಿದ ಅನ್ನುವುದು. ಯಾರೂ ಒತ್ತಡ ಹಾಕದಿದ್ದಾಗಲೂ ಚೆಂಡನ್ನು ಗ್ಯಾಲರಿಗೆ ಒದೆಯುತ್ತಾನಾ? ಇಬ್ಬರು ಮೇಲೆ ಬಿದ್ದಾಗಲೂ ಬಾಕ್ಸ್ ಅಂಚಿನಲ್ಲಿ ಚಂದದ ಪಾಸ್ ಕೊಡಲು ಹೋಗುತ್ತಾನಾ? ಎರಡೂ ಕಾಯಿಲೆಯೇ. ಎರಡನೆಯದಕ್ಕೆ ಕೆಲವು ಸಲ ಕೋಚ್ ಕಾರಣ. ಹಿಂದಿನಿಂದಲೇ ಆಟ ಕಟ್ಟಬೇಕು ಅಂತ ಅವರೇ ಹೇಳಿರುತ್ತಾರೆ.

ಹಂತ 4: ಗೋಲ್ ಆದಾಗ 15 ಸೆಕೆಂಡ್ ಹಿಂದಕ್ಕೆ ಹೋಗಿ

ಗೋಲ್‌ಗೆ ಯಾರು ಹೊಣೆ ಅಂತ ಹೇಳುವುದರಲ್ಲೇ ನಾವು ಹೆಚ್ಚು ಎಡವುವುದು. ರೀಪ್ಲೇ ತೋರಿಸುವುದು ಕೊನೆಯ ಮೂರು ಸೆಕೆಂಡ್ ಮಾತ್ರ. ಆ ಮೂರು ಸೆಕೆಂಡ್‌ನಲ್ಲಿ ಚೆಂಡಿನ ಹತ್ತಿರ ಬಿದ್ದಿದ್ದವನ ತಲೆಗೆ ಎಲ್ಲರೂ ಗೋಲ್ ಕಟ್ಟುತ್ತಾರೆ.

ಒಂದು ಗೋಲ್ ಕಲ್ಪಿಸಿಕೊಳ್ಳಿ. ನಿಮ್ಮ ಹುಡುಗ ಎಡ ಸ್ಟಾಪರ್. ತಂಡದ ಬಲ ವಿಂಗರ್ ಮೈದಾನದ ನಡುವೆ ಚೆಂಡು ಕಳೆದುಕೊಳ್ಳುತ್ತಾನೆ. ಎದುರಾಳಿ ಒಂದೇ ಹೊಡೆತಕ್ಕೆ ಉದ್ದ ಪಾಸನ್ನು ಈ ಕಡೆ ವಿಂಗ್‌ಗೆ ಕಳಿಸುತ್ತಾನೆ. ಎಡ ಫುಲ್ ಬ್ಯಾಕ್ ದಾಳಿಗೆ ಮೇಲೆ ಹೋಗಿದ್ದಾನೆ, ಹೋಗು ಅಂತ ಕೋಚ್ ಹೇಳಿದ್ದರು. ಹುಡುಗ ತನ್ನ ಜಾಗ ಬಿಟ್ಟು ವಿಂಗರ್ ಕಡೆ ಓಡುತ್ತಾನೆ. ಬಿಟ್ಟ ಜಾಗ ತುಂಬಬೇಕಾದ ಮಿಡ್‌ಫೀಲ್ಡರ್ ನಡೆಯುತ್ತ ಬರುತ್ತಿದ್ದಾನೆ. ಹುಡುಗ ಓಡಿದ ವೇಗದಲ್ಲೇ ಜಾರಿ ಟ್ಯಾಕಲ್ ಹಾಕುತ್ತಾನೆ, ವಿಂಗರ್ ಚೆಂಡು ಸರಿಸಿ ದಾಟುತ್ತಾನೆ. ಕ್ರಾಸ್. ಬಲ ಸ್ಟಾಪರ್ ಚೆಂಡು ನೋಡುತ್ತ ನಿಂತಿದ್ದಾನೆ. ಸ್ಟ್ರೈಕರ್ ತಲೆ ಕೊಡುತ್ತಾನೆ, ಗೋಲ್.

ಟಿವಿಯಲ್ಲಿ ಕಾಣುವುದು ನೆಲದ ಮೇಲೆ ಬಿದ್ದ ಹುಡುಗ. “ಅಂವನಿಂದೇ ಆಯ್ತು.” ಹೌದಾ? ಅವನ ಪಾಲನ್ನು ಬಿಡಿಸಿ ನೋಡಿ. ನಿಂತಿದ್ದ ಜಾಗ ಸರಿ ಇತ್ತಾ? ಇತ್ತು. ಅಪಾಯವನ್ನು ಸಮಯಕ್ಕೆ ಕಂಡನಾ? ಕಂಡ, ಅದಕ್ಕೇ ಓಡಿದ. ತೆಗೆದುಕೊಂಡ ತೀರ್ಮಾನ? ಇಲ್ಲಿ ತಪ್ಪಿದ. ವಿಂಗರ್ ಎದುರು ಎರಡು ಮೀಟರ್ ದೂರದಲ್ಲಿ ನಿಂತು, ಗೆರೆಯ ಕಡೆ ತಳ್ಳುತ್ತ, ನಾಲ್ಕು ಸೆಕೆಂಡ್ ಕಳೆದಿದ್ದರೆ ಫುಲ್ ಬ್ಯಾಕ್ ವಾಪಸ್ ಬರುತ್ತಿದ್ದ. ಟ್ಯಾಕಲ್ ಹಾಕಿದ ಕೈಚಳಕ? ತೀರ್ಮಾನವೇ ತಪ್ಪಾದ ಮೇಲೆ ಅದು ಲೆಕ್ಕಕ್ಕೆ ಬರಲ್ಲ. ಅಂದರೆ ಐದು ಜನರ ತಪ್ಪಿನಲ್ಲಿ ಇವನದ್ದೂ ಒಂದು. ಅದೂ ಎಂಥದ್ದು? ಅವಸರದ್ದು. ಅವಸರ ಅನ್ನುವುದು ಆಟ ಕಲಿತಂತೆ ಹೋಗುವ ತಪ್ಪು. ಕಾಲಲ್ಲಿ ವೇಗವೇ ಇಲ್ಲದಿದ್ದರೆ ಅದು ಅಷ್ಟು ಸುಲಭವಾಗಿ ಹೋಗಲ್ಲ.

ಈ ನಾಲ್ಕು ಪ್ರಶ್ನೆ, ಅಂದರೆ ಜಾಗ, ನೋಟ, ತೀರ್ಮಾನ, ಕೈಚಳಕ, ಪ್ರತಿ ಗೋಲ್‌ಗೂ ಹಾಕಿ. ಗೋಲ್ ಆಗದೆ ತಪ್ಪಿಹೋದ ಅಪಾಯಗಳಿಗೂ ಹಾಕಿ. ಸ್ಟ್ರೈಕರ್ ಬಾರಿನ ಮೇಲೆ ಹೊಡೆದುಬಿಟ್ಟ ಅಂದ ಮಾತ್ರಕ್ಕೆ ಡಿಫೆಂಡರ್ ಮಾಡಿದ ತಪ್ಪು ಸರಿಯಾಗಲ್ಲ. ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಈ ಕೆಲಸಕ್ಕೆ ‘ಎಕ್ಸ್‌ಪೆಕ್ಟೆಡ್ ಗೋಲ್ಸ್’ ಅಂಕಿ ನೆರವಾಗುತ್ತದೆ. ಪ್ರತಿ ಹೊಡೆತ ಗೋಲ್ ಆಗುವ ಸಾಧ್ಯತೆಗೆ ಅದು 0ಯಿಂದ 1ರೊಳಗೆ ಬೆಲೆ ಕಟ್ಟುತ್ತದೆ. ಪೆನಾಲ್ಟಿಗೆ ಸುಮಾರು 0.76ರಿಂದ 0.79 ಕೊಡುತ್ತಾರೆ. ಹುಡುಗ ಆಡಿದಾಗ ಎದುರಾಳಿಗೆ ಎಂಥ ಅವಕಾಶ ಸಿಕ್ಕವು ಅನ್ನುವುದು ಎಷ್ಟು ಗೋಲ್ ಬಿದ್ದವು ಅನ್ನುವುದಕ್ಕಿಂತ ನಂಬಿಕೆಗೆ ಹತ್ತಿರ.

ಹಂತ 5: ಯಾವ ಅಂಕಿ ನಂಬಬೇಕು?

ಟ್ಯಾಕಲ್ ಸಂಖ್ಯೆಯನ್ನು ಕೊನೆಗೆ ನೋಡಿ. ತಂಡದ ಹತ್ತಿರ ಚೆಂಡೇ ಇಲ್ಲದಿದ್ದರೆ ಡಿಫೆಂಡರ್‌ಗೆ ಟ್ಯಾಕಲ್ ಮಾಡುವುದು ಬಿಟ್ಟು ಬೇರೆ ಕೆಲಸ ಏನಿದೆ? ಸೋಲುವ ತಂಡದ ಹುಡುಗನ ಟ್ಯಾಕಲ್ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಕ್ಲಿಯರೆನ್ಸ್ (ಅಪಾಯದ ಚೆಂಡನ್ನು ದೂರ ಒದೆಯುವುದು) ಕಥೆಯೂ ಅದೇ. ಕ್ಲೀನ್ ಶೀಟ್, ಅಂದರೆ ಒಂದೂ ಗೋಲ್ ಬಿಡದ ಪಂದ್ಯ, ಇಡೀ ತಂಡದ್ದು, ಅದರಲ್ಲೂ ಗೋಲ್‌ಕೀಪರ್ ಪಾಲು ದೊಡ್ಡದು.

ಸ್ಟಾಪರ್ ಆದರೆ ಗಾಳಿಯಲ್ಲಿ ಗೆದ್ದ ಚೆಂಡುಗಳ ಶೇಕಡಾವಾರು ನೋಡಿ. 60ಕ್ಕಿಂತ ಮೇಲೆ ಇದ್ದರೆ ಒಳ್ಳೆಯದು. ಆದರೆ ಎಷ್ಟು ಸಲ ಹಾರಿದ ಅಂತಲೂ ಕೇಳಿ. 20 ಸಲದಲ್ಲಿ 13 ಗೆದ್ದರೆ 65, ಇನ್ನೂ ಎರಡು ಸಲ ತಪ್ಪಿದ್ದರೆ ಅದೇ 55. ಇಂಥ ಸಣ್ಣ ಲೆಕ್ಕದ ಮೇಲೆ ಹುಡುಗನ ಹಣೆಬರಹ ಬರೆಯಬೇಡಿ.

ಫುಲ್ ಬ್ಯಾಕ್ ಆದರೆ ಎದುರಾಳಿ ಡ್ರಿಬಲ್ ಮಾಡಿ (ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು) ಅವನನ್ನು ದಾಟಿದ ಲೆಕ್ಕ ಮುಖ್ಯ. 2018-19ರ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ಅವರನ್ನು ಒಬ್ಬನೂ ಡ್ರಿಬಲ್ ಮಾಡಿ ದಾಟಲಿಲ್ಲ ಅನ್ನುವುದು ಆಗ ಎಲ್ಲರ ಬಾಯಲ್ಲೂ ಇತ್ತು. ಅವರು ಸ್ಟಾಪರ್ ಆಗಿಯೂ ಅದು ದೊಡ್ಡ ಮಾತೇ. ಆದರೆ ಈ ಅಂಕಿ ಸಾಮಾನ್ಯವಾಗಿ ಏರುವುದು ಡಿಫೆಂಡರ್ ಚೆಂಡಿಗೆ ಕಾಲು ಹಾಕಿ ಸೋತಾಗ. ಕಾಲೇ ಹಾಕದೆ ಹಿಂದೆ ಹಿಂದೆ ಸರಿಯುತ್ತ ಬಾಕ್ಸ್‌ವರೆಗೆ ದಾರಿ ಬಿಟ್ಟವನು ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಅಂಕಿ ನೋಡಿದ ಮೇಲೂ ಮೂರನೇ ಹಂತ ಬೇಕು.

ಫೌಲ್ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅಂತ ನೋಡಿ. ಮೈದಾನದ ನಡುವೆ ಎದುರಾಳಿಯ ಓಟ ತಡೆಯಲು ಮಾಡಿದ ಫೌಲ್ ಕೆಲವು ಸಲ ಬುದ್ಧಿವಂತಿಕೆ. ಬಾಕ್ಸ್ ಅಂಚಿನಲ್ಲಿ ಅಂಗಿ ಎಳೆದದ್ದು ಜಾಗ ತಪ್ಪಿದ್ದಕ್ಕೆ ಕಟ್ಟಿದ ದಂಡ.

ಡಿಫೆಂಡರ್ ಹೊಡೆದ ಗೋಲ್‌ಗಳನ್ನು ಬೇರೆ ಪುಟದಲ್ಲಿ ಬರೆಯಿರಿ. 2019ರ ಮಾರ್ಚ್ 17ರಂದು ಮುಂಬೈನಲ್ಲಿ ನಡೆದ ಐಎಸ್ಎಲ್ ಫೈನಲ್‌ನಲ್ಲಿ ಎಫ್‌ಸಿ ಗೋವಾ ವಿರುದ್ಧ ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಕಾರ್ನರ್‌ಗೆ ತಲೆ ಕೊಟ್ಟು ಗೋಲ್ ಮಾಡಿದರು, ಬೆಂಗಳೂರು ಎಫ್‌ಸಿ ಚಾಂಪಿಯನ್ ಆಯಿತು. ಆ ಗೋಲ್ ಯಾರೂ ಮರೆಯಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಡಿಫೆಂಡರ್ ಹೇಗೆ ತಡೆದ ಅನ್ನುವ ಪ್ರಶ್ನೆಗೆ ಅದು ಉತ್ತರ ಅಲ್ಲ ಅಲ್ವಾ?

ಹಂತ 6: ತಪ್ಪಾದ ನಂತರದ ಹತ್ತು ನಿಮಿಷ

ಮೊದಲ ಸೀಸನ್‌ನಲ್ಲಿ ತಪ್ಪು ಆಗದ ಡಿಫೆಂಡರ್ ಇಲ್ಲ. ತಪ್ಪಿಗಿಂತ ಅದರ ನಂತರ ಅವನು ಏನು ಮಾಡಿದ ಅನ್ನುವುದು ಹೆಚ್ಚು ಹೇಳುತ್ತದೆ. ಲೈನ್‌ನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಲು ಶುರು ಮಾಡಿದನಾ? ಚೆಂಡು ಕೇಳುವುದನ್ನೇ ಬಿಟ್ಟನಾ? ತಪ್ಪು ತೊಳೆದುಕೊಳ್ಳುವ ಅವಸರದಲ್ಲಿ ಕಂಡ ಕಂಡ ಚೆಂಡಿಗೆಲ್ಲ ನುಗ್ಗಿ ಹಳದಿ ಕಾರ್ಡ್ ತೆಗೆದುಕೊಂಡನಾ?

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್‌ನ ವಿಲಿಯಂ ಸಲಿಬಾ ಇದಕ್ಕೆ ಒಳ್ಳೆಯ ಪಾಠ. 2022-23ಕ್ಕೆ ಮುಂಚೆ ಆರ್ಸೆನಲ್ ಅವರನ್ನು ಲೋನ್ ಮೇಲೆ (ತಾತ್ಕಾಲಿಕವಾಗಿ) ಫ್ರಾನ್ಸ್‌ನ ಕ್ಲಬ್‌ಗಳಿಗೆ ಕಳಿಸಿತ್ತು, ಹಾಗಾಗಿ ಅದು ಅವರ ಮೊದಲ ವೃತ್ತಿಪರ ಸೀಸನ್ ಏನಲ್ಲ. ಇಂಗ್ಲೆಂಡ್‌ನಲ್ಲಿ ಮಾತ್ರ ಮೊದಲನೆಯದು. ಎರಡನೇ ಲೀಗ್ ಪಂದ್ಯದಲ್ಲಿ, ಲೆಸ್ಟರ್ ವಿರುದ್ಧ, ತಮ್ಮದೇ ಗೋಲಿಗೆ ಹೆಡರ್ ಹೊಡೆದುಬಿಟ್ಟರು. ಸ್ವಂತ ಅಭಿಮಾನಿಗಳ ಎದುರಿಗೇ. ಅವರು ಕುಗ್ಗಲಿಲ್ಲ, ಅಭಿಮಾನಿಗಳೂ ಕೈ ಬಿಡಲಿಲ್ಲ, ತಂಡ 4-2ರಿಂದ ಗೆದ್ದಿತು. ಮುಂದಿನ ವಾರ ಬೋರ್ನ್‌ಮತ್‌ನಲ್ಲಿ ಎಡಗಾಲಿನಿಂದ ಒಂದು ಸೊಗಸಾದ ಗೋಲ್ ಹೊಡೆದರು. ಲೆಸ್ಟರ್ ಪಂದ್ಯದ ದಿನ, ಆಗಸ್ಟ್ 13ಕ್ಕೇ ತೀರ್ಪು ಕೊಟ್ಟವರು ಆ ಸೀಸನ್‌ನ ಅತ್ಯುತ್ತಮ ಸ್ಟಾಪರ್‌ಗಳಲ್ಲಿ ಒಬ್ಬರನ್ನು ಗುರುತಿಸದೇ ಹೋದರು.

ಹಂತ 7: ಸೀಸನ್ ಮೂರು ತುಂಡು ಮಾಡಿ

24 ಪಂದ್ಯ ಇದ್ದರೆ ಎಂಟೆಂಟು. ಮೊದಲ ತುಂಡಿನಲ್ಲಿ ಹುಡುಗ ಯಾರಿಗೂ ಗೊತ್ತಿಲ್ಲ. ಎರಡನೆಯದರಲ್ಲಿ ಎದುರಾಳಿ ಕೋಚ್‌ಗಳು ವಿಡಿಯೋ ನೋಡಿ ಅವನ ದೌರ್ಬಲ್ಯ ಹುಡುಕಿರುತ್ತಾರೆ. ಎಡಗಾಲು ಸುಮಾರು ಅಂತ ಗೊತ್ತಾದರೆ ಅವನನ್ನು ಎಡಕ್ಕೇ ತಳ್ಳುತ್ತಾರೆ. ಎತ್ತರ ಕಡಿಮೆ ಇದ್ದರೆ ಉದ್ದ ಚೆಂಡೆಲ್ಲ ಅವನ ಮೇಲೆ. ಆಗ ಆಟ ಸ್ವಲ್ಪ ಇಳಿಯುವುದು ಸಹಜ. ಮೂರನೆಯದರಲ್ಲಿ ಅದಕ್ಕೆ ಉತ್ತರ ಕಂಡುಕೊಂಡನಾ ಅನ್ನುವುದೇ ಪ್ರಶ್ನೆ. ಬರೀ ಸರಾಸರಿ ನೋಡಿದರೆ ಈ ಏರಿಳಿತ ಮುಚ್ಚಿಹೋಗುತ್ತದೆ. ಚೆನ್ನಾಗಿ ಶುರು ಮಾಡಿ ಕೊನೆಗೆ ಕುಸಿದವನಿಗೂ ಎಡವುತ್ತ ಶುರು ಮಾಡಿ ಕೊನೆಗೆ ನಿಂತವನಿಗೂ ಸರಾಸರಿ ಒಂದೇ ಬರಬಹುದು. ನಾನಾದರೆ ಎರಡನೆಯವನನ್ನು ಕಣ್ಣು ಮುಚ್ಚಿ ಆರಿಸುತ್ತೇನೆ.

ಕೊನೆಯ ತುಂಡಿನಲ್ಲಿ ದಣಿವನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂಡರ್-18 ಟೂರ್ನಿ ಆಡಿ ಬಂದ ಮೈಗೆ ಆರೇಳು ತಿಂಗಳ ಲೀಗ್, ವಿಮಾನ ಪ್ರಯಾಣ, ನಡುವೆ ಕಪ್ ಪಂದ್ಯಗಳು ಎಲ್ಲ ಹೊಸದು. 75ನೇ ನಿಮಿಷದ ಮೇಲಿನ ತಪ್ಪುಗಳನ್ನು ಬೇರೆ ಗುರುತು ಹಾಕಿ.

ಹಂತ 8: ಅವನಿಲ್ಲದ ಪಂದ್ಯ ನೋಡಿ

ಅವನು ಗಾಯಗೊಂಡಾಗ, ಅಮಾನತಾದಾಗ ತಂಡ ಹೇಗೆ ಆಡಿತು? ಉಪಯೋಗದ ಪ್ರಶ್ನೆ, ಆದರೆ ಮೋಸ ಮಾಡುವ ಪ್ರಶ್ನೆಯೂ ಹೌದು. ಮತ್ತೆ ಸಲಿಬಾ ಕಥೆಗೇ ಬರೋಣ. 2023ರ ಮಾರ್ಚ್‌ನಲ್ಲಿ ಅವರಿಗೆ ಬೆನ್ನು ನೋವಾಗಿ ಸೀಸನ್ ಮುಗಿಯಿತು. ಏಪ್ರಿಲ್‌ನಲ್ಲಿ ಆರ್ಸೆನಲ್ ಲಿವರ್‌ಪೂಲ್, ವೆಸ್ಟ್ ಹ್ಯಾಮ್ ಎರಡೂ ಕಡೆ 2-0 ಮುಂದಿದ್ದು 2-2 ಮಾಡಿಕೊಂಡಿತು. ಸೌತಾಂಪ್ಟನ್ ಜೊತೆ 3-3, ಮ್ಯಾಂಚೆಸ್ಟರ್ ಸಿಟಿ ಎದುರು 4-1ರಿಂದ ಸೋಲು. ಲೀಗ್ ಪ್ರಶಸ್ತಿ ಕೈ ತಪ್ಪಿತು. ಸಲಿಬಾ ಇಲ್ಲದ್ದಕ್ಕೇ ಹೀಗಾಯಿತು ಅಂತ ಬಹಳ ಜನ ಅಂದರು. ಅದರಲ್ಲಿ ನಿಜ ಇದೆ. ಆದರೆ ಅವರು ಇಲ್ಲದ ಮೊದಲೆರಡು ಲೀಗ್ ಪಂದ್ಯಗಳನ್ನು ಅದೇ ತಂಡ 4-1, 4-1 ಅಂತ ಗೆದ್ದಿತ್ತು. ಸಲಿಬಾ ಗಾಯಗೊಂಡ ರಾತ್ರಿಯೇ ಇನ್ನೊಬ್ಬ ಡಿಫೆಂಡರ್ ತೊಮಿಯಾಸು ಕೂಡ ಗಾಯಗೊಂಡಿದ್ದರು. ಹಾಗಾಗಿ ಈ ಹಂತಕ್ಕೆ ಅರ್ಧ ತೂಕ ಮಾತ್ರ ಕೊಡಿ.

ಅಂಕಿ ಸಿಗದ ಕಡೆ

ನಿಮ್ಮ ಹುಡುಗ ಆಡುತ್ತಿರುವುದು ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್‌ನಲ್ಲಿ ಅಂದುಕೊಳ್ಳಿ. ಎಕ್ಸ್‌ಪೆಕ್ಟೆಡ್ ಗೋಲ್ಸ್ ಎಲ್ಲಿಂದ ಬರಬೇಕು? ವಿಡಿಯೋ ಸಿಕ್ಕರೆ ಪುಣ್ಯ. ಆಗ ಪೆನ್ನು, ಹಾಳೆ ಸಾಕು. ಹಾಳೆ ಮೇಲೆ ಅವನ ಅರ್ಧ ಮೈದಾನ ಬರೆದು ಆರು ಚೌಕ ಮಾಡಿ. ಅವನ ಕಡೆಯಿಂದ ಎದುರಾಳಿ ಒಳಗೆ ಬಂದಾಗಲೆಲ್ಲ ಆ ಚೌಕದಲ್ಲಿ ಒಂದು ಗುರುತು. ತಡೆದರೆ ಸುತ್ತು, ದಾಟಿದರೆ ಅಡ್ಡಗೆರೆ, ಅವನು ಇದ್ದಾನೆ ಅಂತ ಚೆಂಡು ವಾಪಸ್ ಆಡಿದರೆ ಚುಕ್ಕೆ. ಈ ಚುಕ್ಕೆಗಳು ಯಾವ ಪಟ್ಟಿಯಲ್ಲೂ ಸಿಗದ ಲೆಕ್ಕ. ಆಟ ಮುಗಿದ ಮೇಲೆ ಚುಕ್ಕೆ ಜಾಸ್ತಿ ಇದ್ದು ಸುತ್ತು ಕಡಿಮೆ ಇದ್ದರೆ ನಿಮ್ಮ ಹುಡುಗ ಒಳ್ಳೆಯ ಜಾಗದಲ್ಲಿ ನಿಂತಿದ್ದ.

ಹೋಗಿ ನೋಡಲು ಆಗದಿದ್ದರೆ ಫೋನ್‌ನಲ್ಲಿ ಸರಿಯಾದ ಪ್ರಶ್ನೆ ಕೇಳಿ. “ಎಷ್ಟ್ ಮ್ಯಾಚ್ ಆಡ್ದಿ ಪಾ?” ಅಂದರೆ ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಪ್ರಾಕ್ಟೀಸ್‌ನಲ್ಲಿ ಯಾರ ಜೊತೆ ಜೋಡಿ ಹಾಕುತ್ತಾರೆ, ಮೊದಲ ತಂಡದ ಸ್ಟಾಪರ್ ಜೊತೆನಾ ಇಲ್ಲ ಮೀಸಲು ಹುಡುಗರ ಜೊತೆನಾ ಅಂತ ಕೇಳಿ. ಕಾರ್ನರ್ ಬಂದಾಗ ಯಾರನ್ನು ಹಿಡಿಯಲು ಹೇಳುತ್ತಾರೆ ಅಂತ ಕೇಳಿ. ಎದುರಾಳಿಯ ಅತಿ ಗಟ್ಟಿ ಆಟಗಾರನನ್ನು ಇವನಿಗೆ ಒಪ್ಪಿಸಿದ್ದರೆ ಕೋಚ್‌ಗೆ ನಂಬಿಕೆ ಬಂದಿದೆ. ಈ ತಿಂಗಳು ಕೋಚ್ ಯಾವುದಕ್ಕೆ ಬೈದರು ಅಂತಲೂ ಕೇಳಿ. ಹೋದ ತಿಂಗಳು ಬೈದದ್ದಕ್ಕೇ ಈ ತಿಂಗಳೂ ಬೈದಿದ್ದರೆ ಸ್ವಲ್ಪ ಯೋಚಿಸಬೇಕು.

ಹಂತ 9: ತೀರ್ಪು ಬರೆಯಿರಿ, ಅಂಕ ಕೊಡಬೇಡಿ

ಹತ್ತಕ್ಕೆ ಏಳು, ಹತ್ತಕ್ಕೆ ಆರೂವರೆ ಅಂತ ಬರೆದರೆ ಮುಂದಿನ ವರ್ಷ ಅದು ಏನಕ್ಕೂ ಬರಲ್ಲ. ಮೂರು ನಾಲ್ಕು ಸಾಲು ಬರೆಯಿರಿ. ಏನು ಬಂತು, ಏನು ಬರಲಿಲ್ಲ, ಮುಂದೆ ಏನು ನೋಡಬೇಕು. ಹೀಗೆ:

“ಎಡ ಸ್ಟಾಪರ್, 19 ವರ್ಷ, 1150 ನಿಮಿಷ. ನಿಲ್ಲುವ ಜಾಗ ಸೀಸನ್ ನಡುವಿನಿಂದ ಸುಧಾರಿಸಿತು, ಫಾರ್ ಪೋಸ್ಟ್ ಕಡೆ ಈಗ ತಿರುಗಿ ನೋಡುತ್ತಾನೆ. ಅವಸರದ ಟ್ಯಾಕಲ್ ಇನ್ನೂ ಇದೆ, ವಿಂಗ್‌ಗೆ ಎಳೆದರೆ ಸಿಕ್ಕಿಬೀಳುತ್ತಾನೆ. ಎಡಗಾಲಿನ ಪಾಸ್ ಒತ್ತಡದಲ್ಲಿ ಕೆಡುತ್ತದೆ. ತಪ್ಪಾದ ಮೇಲೆ ಹೆದರುವುದಿಲ್ಲ.”

ಇದಕ್ಕೆ ತಾರೀಕು ಹಾಕಿ ಎತ್ತಿಡಿ. ಎರಡನೇ ಸೀಸನ್‌ನ ಹತ್ತನೇ ಪಂದ್ಯ ಮುಗಿದ ಮೇಲೆ ತೆಗೆದು, ಇದರಲ್ಲಿ ಬರೆದ ಎರಡು ಕೊರತೆಗಳನ್ನು ಮಾತ್ರ ಹಿಡಿದು ಮತ್ತೆ ಎರಡು ಪಂದ್ಯ ನೋಡಿ.